ಸರಕಿನ ಗಾಡಿಯಲ್ಲ

"ಸರಕಿನ ಗಾಡಿಗೆ ಎರಡನೇ ಕಿಟಕಿ," ಎಂದ ಗುಮಾಸ್ತ, ತಲೆ ಎತ್ತದೆ.

ಇಟಲಿಯ ಬ್ರಿಂಡಿಸಿ ಬಂದರಿನ ಟಿಕೆಟ್ ಕಿಟಕಿಯ ಮುಂದೆ ಮುಕ್ಕಾಲು ಗಂಟೆ ಸರದಿಯಲ್ಲಿ ನಿಂತು ಲುಮ್ತುರಿ ಆಗಷ್ಟೇ ಮುಂದೆ ಬಂದಿದ್ದಳು. ಅವಳ ಗಂಡ ಝೆನೆಲ್ ಆಗಲೇ ಎರಡನೇ ಕಿಟಕಿಯ ಕಡೆ ಹೊರಟಿದ್ದ. ಆಲ್ಬೇನಿಯಾದಿಂದ ಇಟಲಿಗೆ ಬಂದು ಇಪ್ಪತ್ತಾರು ವರ್ಷ ಕಂಡವರ ಗೋಡೆಗೆ ಗಾರೆ ಬಳಿದವನು. ಕಿಟಕಿಯ ಆಚೆ ಕೂತವರು ಹೇಳಿದ್ದನ್ನು ಹಾಗೇ ಮಾಡಿ ಅಭ್ಯಾಸ. ಲುಮ್ತುರಿ ಅವನ ಅಂಗಿಯ ತುದಿ ಹಿಡಿದು ನಿಲ್ಲಿಸಿದಳು.

"ನಮ್ಮದು ಸರಕಿನ ಗಾಡಿ ಅಲ್ಲ ಸ್ವಾಮಿ, ಮನೆಗಾಡಿ, ಒಳಗೇ ಉಣ್ಣೋ ಮಲಗೋ ಗಾಡಿ. ಬುಧವಾರ ಹಗಲು ಹೊತ್ತಿನ ಹಡಗಲ್ಲಿ ಆಲ್ಬೇನಿಯಾದ ವ್ಲೋರಕ್ಕೆ ಮನೆಗಾಡಿಗೆ ಅರ್ಧ ದರ ಅಂತ ನಿಮ್ಮವರೇ ಫೋನಲ್ಲಿ ಹೇಳಿದ್ದಾರೆ."

ಹೋಟೆಲೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿಯುತ್ತಿದ್ದ ಅವಳು ಒಂದು ತಿಂಗಳಿಂದ ಊಟದ ಬಿಡುವಿನಲ್ಲೆಲ್ಲ ಫೋನು ಮಾಡಿ ಹುಡುಕಿದ ದರ ಅದು. ಅದು ಸಿಗದಿದ್ದರೆ ಕಡಲತೀರದ ಹತ್ತು ದಿನಗಳ ಆಸೆಯನ್ನು ಅಲ್ಲೇ ಕೈಬಿಡಬೇಕಿತ್ತು.

ಗುಮಾಸ್ತ ಪಾಸ್‌ಪೋರ್ಟುಗಳನ್ನು ನೋಡಿದ. ಗಾಜಿನಾಚೆ ನಿಂತಿದ್ದ ಬಿಳಿ ವ್ಯಾನನ್ನು ನೋಡಿದ. "ನೋಡಮ್ಮಾ, ಹತ್ತೊಂಬತ್ತು ವರ್ಷದಿಂದ ಈ ಕುರ್ಚೀಲಿ ಕೂತಿದ್ದೀನಿ. ಆಗಸ್ಟ್ ಬಂತು ಅಂದ್ರೆ ನಿಮ್ಮವರ ಬಿಳಿ ವ್ಯಾನು ಸಾಲಾಗಿ ಬರ್ತವೆ. ಊರಿಗೆ ಒಯ್ಯೋಕೆ ಅಂತ ಒಳಗೆ ಎಷ್ಟು ಫ್ರಿಜ್ ಇಟ್ಟಿದ್ದೀರಿ, ಎಷ್ಟು ಹಾಸಿಗೆ?"

"ಹಾಸಿಗೆ ಒಂದಿದೆ. ನಮ್ಮಿಬ್ಬರದು."

ಹಿಂದೆ ಯಾರೋ ನಕ್ಕರು. ಲುಮ್ತುರಿ ಗಾಡಿಯ ಕಾಗದವನ್ನು ಮುಂದೆ ತಳ್ಳಿದಳು. ಅದರಲ್ಲಿ ಮನೆಗಾಡಿ ಎಂದೇ ಮುದ್ರೆಯಿತ್ತು.

"ಕಾಗದ ಬಿಡಮ್ಮಾ. ಎಂಥ ಕಾಗದ ಬೇಕಾದ್ರೂ ಮಾಡಿಸ್ತೀರಿ ನೀವು."

"ನೀವು ಅಂದ್ರೆ ಯಾರು?"

ಗುಮಾಸ್ತ ಕಾಗದವನ್ನು ಹಿಂದಕ್ಕೆ ಸರಿಸಿದ. ಝೆನೆಲ್ ಅವಳ ಕಿವಿಯ ಹತ್ತಿರ ಬಗ್ಗಿದ. "ಬಿಟ್ಟುಬಿಡು. ಅವನು ಕೇಳಿದಷ್ಟು ಕೊಟ್ಟು ಹೋಗೋಣ. ಅಕ್ಕನ ಮನೇಲಿ ಉಳಿದರಾಯ್ತು, ಊಟದ ಖರ್ಚು ಉಳಿಯುತ್ತೆ."

"ನಿಮ್ಮಕ್ಕನ ಮನೇಲಿ ಪ್ರತಿ ಆಗಸ್ಟೂ ರಜೆ ಅಂತ ಹೋಗಿ ಪಾತ್ರೆ ತೊಳೆದು ಬಂದಿದ್ದೀನಿ," ಎಂದಳು ಲುಮ್ತುರಿ. "ನೀವು ಅವರಿಗೆ ವಾಷಿಂಗ್ ಮಷೀನ್ ಹೊತ್ತಿರಿ, ನಿಮ್ಮ ತಮ್ಮನ ಬಚ್ಚಲಿಗೆ ಟೈಲ್ಸ್ ಹೊತ್ತಿರಿ. ಈ ಸಲ ನಾನು ನನ್ನ ದೇಶದ ಸಮುದ್ರ ನೋಡಬೇಕು."

ಆಮೇಲೆ ಗುಮಾಸ್ತನ ಕಡೆ ತಿರುಗಿದಳು. "ಎದ್ದು ಬಂದು ನೋಡಿ."

"ಅದು ನನ್ನ ಕೆಲಸ ಅಲ್ಲ."

"ನೋಡದೇ ಸರಕು ಅನ್ನೋದು ನಿಮ್ಮ ಕೆಲಸವಾ?" ಅವಳು ಎರಡೂ ಮೊಣಕೈಗಳನ್ನು ಕಟ್ಟೆಯ ಮೇಲೂರಿದಳು. "ನಾನಂತೂ ಇಲ್ಲಿಂದ ಕದಲಲ್ಲ. ನನ್ನ ಹಿಂದೆ ಜರ್ಮನಿಯವರು ನಿಂತಿದ್ದಾರೆ, ಅವರ ಗಾಡಿ ನಮ್ಮದರ ಎರಡರಷ್ಟಿದೆ. ಅದರಲ್ಲಿ ಎಷ್ಟು ಫ್ರಿಜ್ ಇದೆ ಅಂತ ಅವರನ್ನೂ ಕೇಳ್ತೀರಾ?"

ಸರದಿ ಗೊಣಗತೊಡಗಿತು. ಹಡಗು ಹೊರಡಲು ಒಂದು ಗಂಟೆಯಿತ್ತು. ಗುಮಾಸ್ತ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ಬಂದ.

ಝೆನೆಲ್ ವ್ಯಾನಿನ ಬಾಗಿಲು ಸರಿಸಿದ. ಒಳಗೆ ಮಂಚ, ಮಡಚುವ ಮೇಜು, ಎರಡು ಉರಿಯ ಒಲೆ, ಲುಮ್ತುರಿ ಹೊಲಿದ ನೀಲಿ ಪರದೆ. ಗುಮಾಸ್ತ ಬಗ್ಗಿ ಮಂಚದ ಕೆಳಗೆ ಇಣುಕಿದ. ಎರಡು ಜೊತೆ ರಬ್ಬರ್ ಚಪ್ಪಲಿ, ಒಂದು ದೊಡ್ಡ ಛತ್ರಿ, ಒಂದು ಕಲ್ಲಂಗಡಿ. ಹಲಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದ.

"ಮರದ ಕೆಲಸ ಯಾರದ್ದು?"

"ನನ್ನದೇ," ಎಂದ ಝೆನೆಲ್ ಮೆಲ್ಲಗೆ. "ಚಳಿಗಾಲದ ಭಾನುವಾರಗಳಲ್ಲಿ ಮಾಡಿದ್ದು."

"ಊರಿನವರಿಗೆ ಏನೂ ಒಯ್ತಾ ಇಲ್ವಾ?" ಗುಮಾಸ್ತನ ದನಿಯಲ್ಲಿ ಮೋಸಹೋದವನ ಬೇಸರವಿತ್ತು.

"ಏನೂ ಇಲ್ಲ," ಎಂದಳು ಲುಮ್ತುರಿ.

"ಹಾಗಾದ್ರೆ ಯಾಕೆ ಹೋಗ್ತಿದ್ದೀರಿ?"

"ಆ ಜರ್ಮನಿಯವರು ಯಾಕೆ ಹೋಗ್ತಿದ್ದಾರೋ ಅದಕ್ಕೇ."

ಗುಮಾಸ್ತ ವ್ಯಾನಿನ ಬಾಗಿಲು ಮುಚ್ಚಿದ. ಒಳಗೆ ಹೋಗಿ ಅರ್ಧ ದರದ ಟಿಕೆಟ್ ಕಿಟಕಿಯಿಂದ ಸರಿಸಿದ. "ಮುಂದಿನ ಸಲ ಗಾಡಿ ಮೇಲೆ ಮನೆ ಅಂತ ದೊಡ್ಡದಾಗಿ ಬರೆಸಿ," ಎಂದ.

"ಅದಕ್ಕಿಂತ ನೀವೊಂದು ಕನ್ನಡಕ ಮಾಡಿಸ್ಕೊಳ್ಳೋದು ಅಗ್ಗ," ಎಂದು ಅವಳು ಟಿಕೆಟ್ ತೆಗೆದುಕೊಂಡು ನಡೆದಳು.

ಝೆನೆಲ್ ಅವಳ ಕಡೆ ತಿರುಗದೆ ಹಡಗಿನತ್ತ ಗಾಡಿ ಓಡಿಸಿದ. ಅವನಿಗೆ ಸಿಟ್ಟು ಬಂದಿರಬೇಕು ಎಂದುಕೊಂಡಳು ಲುಮ್ತುರಿ. ಹಡಗಿನ ತೆರೆದ ಬಾಯಿಯ ಮುಂದೆ ಹಳದಿ ಅಂಗಿಯವನೊಬ್ಬ ಗಾಡಿಗಳನ್ನು ವಿಂಗಡಿಸುತ್ತಿದ್ದ. ಲಾರಿ, ಸರಕಿನ ವ್ಯಾನುಗಳು ಎಡಕ್ಕೆ, ಕತ್ತಲೆಯ ಕೆಳ ಅಂತಸ್ತಿಗೆ. ಪ್ರವಾಸಿಗಳು ಬಲಕ್ಕೆ, ಗಾಳಿ ಬೆಳಕಿನ ಮೇಲಂತಸ್ತಿಗೆ. ಬಿಳಿ ವ್ಯಾನು ಕಂಡ ಕೂಡಲೇ ಅವನು ಎಡಕ್ಕೆ ಕೈ ಬೀಸಿದ. ಇಷ್ಟೂ ವರ್ಷ ಝೆನೆಲ್ ಅಲ್ಲಿ ಎಡಕ್ಕೇ ತಿರುಗಿದ್ದ.

ಲುಮ್ತುರಿ ಬಾಗಿಲು ತೆಗೆದು ಇಳಿಯಲು ಹೊರಟಳು. "ನೀನು ಕೂತಿರು," ಎಂದ ಝೆನೆಲ್. ಗಾಡಿಯನ್ನು ನಡುಮಧ್ಯೆ ನಿಲ್ಲಿಸಿ ಎಂಜಿನ್ ಆರಿಸಿದ.

ಹಿಂದಿನಿಂದ ಹಾರ್ನುಗಳು ಕೂಗತೊಡಗಿದವು. "ಎಡಕ್ಕೆ, ಎಡಕ್ಕೆ," ಎನ್ನುತ್ತಾ ಹಳದಿ ಅಂಗಿಯವನು ಹತ್ತಿರ ಬಂದು ಬಾನೆಟ್ಟಿಗೆ ಬಡಿದ. ಝೆನೆಲ್ ಟಿಕೆಟ್ಟನ್ನು ಮುಂದಿನ ಗಾಜಿಗೆ ಒತ್ತಿ ಹಿಡಿದ, ಮನೆಗಾಡಿ ಎಂಬ ಅಕ್ಷರ ಹೊರಗೆ ಕಾಣುವ ಹಾಗೆ. ಆ ಹಳದಿ ತೋಳು ನಿಧಾನವಾಗಿ ಬಲಕ್ಕೆ ತಿರುಗುವ ತನಕ ಅವನು ಗಾಜಿನಿಂದ ಅಂಗೈ ತೆಗೆಯಲಿಲ್ಲ.