ನಡುವೆ ನಿಂತುಬಿಟ್ಟರೆ?

ಬೆಳಗಿನ ಜಾವವೇ ಹೆಂಡತಿಯನ್ನು ಎಬ್ಬಿಸಿ, ದ್ವೀಪದ ಸೂರ್ಯೋದಯ, ಜಲಪಾತ, ಗುಹೆ ಎಲ್ಲವನ್ನೂ ಮುಗಿಸಿ, ಗಂಡ ಅವಳನ್ನು ಜಿಪ್ ಲೈನಿನ ಅಟ್ಟಣೆ ಹತ್ತಿಸಿದ್ದ. ಇಲ್ಲಿಂದ ಎದುರು ಗುಡ್ಡದವರೆಗೆ ಒಂದೇ ತಂತಿ, ಕೆಳಗೆ ಬರೀ ಕಾಡು.

"ಬೇಗ ಬೇಗ. ಇದಾದ್ಮೇಲೆ ಬೋಟು. ಅದು ನಮಗೋಸ್ಕರ ಕಾಯಲ್ಲ," ಎಂದ.

ಅವಳ ಸೊಂಟಕ್ಕೆ ಬೆಲ್ಟು ಬಿಗಿಯುತ್ತಿದ್ದ ಗೈಡ್ ಪುತ್ತೂರಿನವಳು. "ಅಕ್ಕಾ, ಗ್ಲೌಸ್ ಹಾಕಿದ ಕೈಯಲ್ಲಿ ತಂತಿ ಅದುಮಿದ್ರೆ ಬ್ರೇಕ್. ಆಚೆ ತಲುಪುವಾಗ ಮಾತ್ರ ಅದುಮಿ."

"ಮೊದಲೇ ಅದುಮಿದ್ರೆ?"

"ನಡುವೆ ನಿಂತುಬಿಡ್ತೀರಿ. ಮತ್ತೆ ನಾನೇ ಬಂದು ಎಳ್ಕೊಂಡು ಹೋಗ್ಬೇಕಾಗ್ತದೆ."

"ನೀನು ಬರೋಕೆ ತುಂಬ ಹೊತ್ತಾಗುತ್ತಾ?"

"ಅಯ್ಯೋ, ಅಷ್ಟೊಂದು ಹೆದರ್ಬೇಡ ಕಣೇ," ಗಂಡ ನಕ್ಕ. "ನಾನು ಮುಂದೆ ಹೋಗಿ ಫೋಟೊ ತೆಗೀತೀನಿ." ರೊಯ್ಯನೆ ಜಾರಿ ಆಚೆ ಇಳಿದ.

ಅವಳೂ ಹೊರಟಳು. ಅರ್ಧ ದಾರಿಯಲ್ಲಿ ಗಕ್ಕನೆ ನಿಂತಳು.

"ಏನಾಯ್ತೇ? ಬೋಟು ಹೋಗತ್ತೆ!" ಆಚೆಯಿಂದ ಗಂಡ ಕೂಗಿದ.

"ಭಯ ಆಗ್ತಿದೆ ರೀ! ಕೈಕಾಲೇ ಆಡ್ತಿಲ್ಲ!"

ಗೈಡ್ ತಾನೂ ಕೊಂಡಿ ಸಿಕ್ಕಿಸಿಕೊಂಡು, ತಂತಿಯನ್ನು ಎರಡೂ ಕೈಯಲ್ಲಿ ಜಗ್ಗುತ್ತ, ಏದುಸಿರು ಬಿಡುತ್ತ ಹತ್ತಿರ ಬಂದಳು. "ಬಂದೆ ಅಕ್ಕಾ, ಬಂದೆ. ಕೆಳಗೆ ನೋಡ್ಬೇಡಿ."

ಬೆಲ್ಟಿಗೆ ಒರಗಿ, ಕಾಲು ಇಳಿಬಿಟ್ಟುಕೊಂಡು ತೂಗುತ್ತಿದ್ದವಳು ದನಿ ತಗ್ಗಿಸಿದಳು.

"ನಿಧಾನಕ್ಕೆ ಬಾರಮ್ಮ. ಊರು ಬಿಟ್ಟಮೇಲೆ ನಾನು ಒಂದು ಕಡೆ ಕೂತಿರೋದು ಇದೇ ಮೊದಲು."