ಹೂವಿಲ್ಲದ ಫೈಲು

ವಾಣಿಯ ಮುಖ ಮತ್ತೆ ಮಾಯವಾಗಿತ್ತು. ಇದು ಮೂರನೆಯ ಸಲ.

ಪಿ.ಜೆ. ಬಡಾವಣೆಯ ಆ ಮನೆಯ ಮುಂದಿನ ಕೋಣೆಯೇ ಅವಳ ತಾಯಿ ನಿರ್ಮಲಮ್ಮನವರ ವಧೂವರರ ಕೇಂದ್ರ. ತೊಂಬತ್ತೆಂಟರ ಯುಗಾದಿಗೆ ಕಂಪ್ಯೂಟರು ಬಂತು. ಕಂಪ್ಯೂಟರು ಕಲಿತ ಹುಡುಗ ಪ್ರಶಾಂತ ಪ್ರೋಗ್ರಾಂ ಬರೆದುಕೊಟ್ಟ. ಒಬ್ಬೊಬ್ಬ ಹುಡುಗಿಗೆ ಒಂದೊಂದು ಫೈಲು, ಫೈಲಿಗೊಂದು ಸೇವಂತಿಗೆಯ ಚಿತ್ರ. ಹೂವು ಒತ್ತಿದರೆ ಪಕ್ಕದಲ್ಲೇ ಫೋಟೋ. ಹೆಣ್ಣಿನ ಕಡೆಯವರು ಅನುಮಾನಿಸಿದರೆ ನಿರ್ಮಲಮ್ಮ, "ನನ್ನ ಮಗಳನ್ನೇ ಕೊಡೋ ಅಂಥಾ ಮನೆ, ಸುಮ್ನೆ ಒಪ್ಕೊಳ್ರಿ" ಎನ್ನುತ್ತಿದ್ದರು.

ಸಾಲು ಸಾಲು ಸೇವಂತಿಗೆಗಳ ನಡುವೆ ವಾಣಿಯದು ಮಾತ್ರ ಬೋಳು ಬಿಳಿ ಹಾಳೆ. ಒತ್ತಿದರೂ ಮುಖವಿಲ್ಲ. ಅಂಥದ್ದನ್ನು ಯಾರು ತಾನೇ ಒತ್ತುತ್ತಾರೆ? ಇಪ್ಪತ್ತೊಂಬತ್ತು ದಾಟಿತ್ತು. ಊರ ಹೆಣ್ಣುಗಳ ವಿವರವೆಲ್ಲ ಟೈಪು ಮಾಡುತ್ತ ಅದೇ ಕುರ್ಚಿಯಲ್ಲಿ ಅವಳಿಗೆ ಉಸಿರುಗಟ್ಟುತ್ತಿತ್ತು. ಇವತ್ತು ನಾಲ್ಕಕ್ಕೆ ಹರಿಹರದಿಂದ ಗಂಡಿನ ಕಡೆಯವರು ಫೈಲುಗಳನ್ನು ನೋಡಲು ಬರುವವರಿದ್ದರು. ಇದೂ ತಪ್ಪಿದರೆ ಮುಗಿಯಿತು.

ಪ್ರಶಾಂತ ಬಂದು ನೋಡಿದ. "ಇದು ತಾನಾಗೇ ಕೆಡೋದಲ್ಲಕ್ಕ. ಫೈಲಿನ ಹೆಸರಿನ ಕೊನೆಗೆ ಮೂರಕ್ಷರ ಇರ್ತಾವು. ಅವು ಇದ್ರೇನೇ ಹೂವು, ಫೋಟೋ. ಯಾರೋ ಬೇಕಂತ ಅಳಿಸ್ಯಾರ."

"ಮಷೀನು ಅಂದ್ಮ್ಯಾಲೆ ಕೆಡ್ತೈತೆ ಬಿಡಪ್ಪ," ಅಂದರು ನಿರ್ಮಲಮ್ಮ. "ಮೊದ್ಲು ಮಜ್ಜಿಗೆ ಕುಡಿ."

ಮಜ್ಜಿಗೆ ತಂದವಳು ಅತ್ತಿಗೆ ರೇಖಾ. ವಾಣಿ ಅವಳನ್ನೇ ದಿಟ್ಟಿಸಿದಳು. ನಾದಿನಿ ಹೋದರೆ ಮನೆಮಂದಿಗೆಲ್ಲ ರೊಟ್ಟಿ ಬಡಿಯುವುದು ಇವಳ ತಲೆಗೇ ಬರುತ್ತದಲ್ಲ! ಅಳಿಸಿದವಳು ಇವಳೇ. ಅವ್ವನಿಗೆ ಹೇಳೋಣವೆಂದರೆ, ಅವ್ವ ನಿನ್ನೆಯಷ್ಟೇ ತಿರುಗಾಟದಿಂದ ಬಂದಿದ್ದಳು. ಮದುವೆ ಮಾಡಿಸಿದ ಹುಡುಗಿಯರ ಮನೆಗೆ ವರ್ಷಕ್ಕೊಮ್ಮೆ ಹೋಗಿ ಮಾತಾಡಿಸಿ ಬರುವುದು ಅವಳ ಪದ್ಧತಿ. ಬಂದ ದಿನ ಉಣ್ಣದೆ ಮಲಗಿಬಿಡುವಳು. ಬಸ್ಸಿನ ಆಯಾಸವೆಂದು ಮಗಳು ಕಾಲೊತ್ತುವಳು.

ಪ್ರಶಾಂತ ಸರಿಮಾಡಿ ಹೋದ. ಹೂವು ಬಂತು, ಮುಖ ಬಂತು. ವಾಣಿ ಸೀರೆ ಉಡುತ್ತೇನೆಂದು ಹೇಳಿ ಬಾಗಿಲ ಮರೆಯಲ್ಲಿ ನಿಂತಳು. ಅತ್ತಿಗೆಯನ್ನು ಅಳಿಸುವಾಗಲೇ ಹಿಡಿಯಬೇಕಿತ್ತು.

ಮೂರೂವರೆಗೆ ಹೆಜ್ಜೆ ಸಪ್ಪಳವಾಯಿತು. ಬಂದು ಕುರ್ಚಿಯಲ್ಲಿ ಕೂತವರು ನಿರ್ಮಲಮ್ಮ. ಕನ್ನಡಕ ಏರಿಸಿ, ಒಂದೇ ಬೆರಳಲ್ಲಿ ವಾಣಿಯ ಫೈಲಿನ ಮೂರಕ್ಷರ ಅಳಿಸತೊಡಗಿದರು. ಹೀಗೆ ಮಾಡಿದರೆ ಫೈಲು ಉಪಯೋಗಕ್ಕೆ ಬಾರದೆ ಹೋಗಬಹುದು ಎಂದು ಕಂಪ್ಯೂಟರು ಎಚ್ಚರಿಸಿತು. ಅವರು ಆಗಲಿ ಎಂದು ಒತ್ತಿದರು.

"ಅವ್ವ." ವಾಣಿ ಬಾಗಿಲ ಮರೆಯಿಂದ ಹೊರಬಂದಳು. "ನಾ ಹೋದ್ರೆ ಟೈಪು ಮಾಡೋರು ಯಾರೂ ಇಲ್ಲ ಅಂತಾನಾ? ನನ್ನ ಯಾಕ ಹಿಂಗೆ ಕೂಡಿ ಹಾಕ್ತಿ?"

ನಿರ್ಮಲಮ್ಮ ಕನ್ನಡಕ ತೆಗೆದಿಟ್ಟರು.

"ಮುನ್ನೂರು ಹುಡುಗೇರನ್ನ ಕಳಿಸೀನಿ, ವರ್ಷಾ ಹೋಗಿ ಅವರ ಬಾಳು ನೋಡಿ ಬಂದೀನಿ, ವಾಣಿ. ನಿನ್ನ ಕಳಿಸ್ಬಹುದು ಅನ್ನೋ ಮನೆ ಒಂದೂ ಕಂಡಿಲ್ಲ."