ಶ್ರದ್ಧಾಂಜಲಿಗೆ ಹನ್ನೆರಡು ಉಲ್ಲೇಖ

ಗಂಡನ ವೈಕುಂಠ ಸಮಾರಾಧನೆ ಮುಗಿಸಿ ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಹಾಲಿನವನು ರೂಢಿಯಂತೆ ಎರಡು ಪ್ಯಾಕೆಟ್ ಹಾಕಿ ಹೋಗಿದ್ದ. ಆಕೆ ಒಂದನ್ನು ಕಾಯಿಸುತ್ತಿದ್ದಾಗ ಪ್ರೊಫೆಸರರು ಬಂದರು. ಗಂಡ ಪಾಠ ಹೇಳುತ್ತಿದ್ದ ವಿಭಾಗದ ಮುಖ್ಯಸ್ಥರು. ವಿಭಾಗದ ಸಂಶೋಧನಾ ಪತ್ರಿಕೆಗೆ ಸಂಪಾದಕರೂ ಅವರೇ. ಅವರ ಮುಖದ ದುಃಖ ಕಾಫಿ ಬರುವವರೆಗೆ ಇತ್ತು.

"ಮುಂದಿನ ಸಂಚಿಕೇಲಿ ಅವನಿಗೆ ಶ್ರದ್ಧಾಂಜಲಿ ಹಾಕ್ತೀವಮ್ಮ. ನೀನೂ ಎಂ.ಎ. ಮಾಡಿದೋಳು, ನೀನೇ ಎರಡು ಪುಟ ಬರೆದ್ಬಿಡು. ಕೊನೇಲಿ ನಮ್ಮ ಪತ್ರಿಕೆಯ ಲೇಖನಗಳದ್ದು ಹನ್ನೆರಡು ಉಲ್ಲೇಖ ಇರ್ಲಿ."

"ಶ್ರದ್ಧಾಂಜಲಿಗೆ ಉಲ್ಲೇಖವಾ ಸರ್?"

"ಎಲ್ಲಿ ಉಲ್ಲೇಖಿಸಿದ್ರೂ ಲೆಕ್ಕಕ್ಕೆ ಬರತ್ತೆ. ಇನ್ನು ಹನ್ನೆರಡು ಸಿಕ್ಕಿದ್ರೆ ಪತ್ರಿಕೆ ದರ್ಜೆ ಅಳೆಯೋ ನಮ್ಮ ಇಂಪ್ಯಾಕ್ಟ್ ಫ್ಯಾಕ್ಟರ್ ಒಂದು ದಾಟತ್ತೆ. ಹೋಗೋನಂತೂ ಹೋದ, ಪತ್ರಿಕೆಗಾದ್ರೂ ಉಪಯೋಗ ಆಗ್ಲಿ. ನನ್ನ ಲೇಖನ ಒಂದಕ್ಕೇ ಅರವತ್ತು ಬಂದಿವೆ, ಗೊತ್ತಾ?"

"ಗೊತ್ತು ಸರ್. ಇವರು ಕೊನೇಲಿ ಅದನ್ನೇ ಓದ್ತಿದ್ರು, ಒಂದು ಹಳೇ ಥೀಸಿಸ್ ಪಕ್ಕದಲ್ಲಿಟ್ಕೊಂಡು. ಎರಡೂ ಸಾಲುಸಾಲಿಗೆ ಒಂದೇ."

ಪ್ರೊಫೆಸರರು ಲೋಟ ಕೆಳಗಿಟ್ಟರು.

"ಅದು ಲೈಬ್ರರೀದಮ್ಮ. ಕೊಡು, ನಾನೇ ವಾಪಸ್ ಮಾಡ್ತೀನಿ."

"ಲೈಬ್ರರಿ ಪ್ರತಿ ನೀವು ತಗೊಂಡು ಹೋದ್ಮೇಲೆ ಬಂದೇ ಇಲ್ವಂತೆ. ಇವರು ಬರೆದವರನ್ನೇ ಹುಡುಕಿ, ಕೇಳಿ ತಂದಿದ್ರು."

"ಆಯಮ್ಮ ಇನ್ನೂ ಇದ್ದಾಳಾ?"

ಮಧ್ಯಾಹ್ನ ಸಿಟಿ ಬಸ್ಸಿನಲ್ಲಿ ಹೋಗಿ, ಆಕೆ ಆ ಥೀಸಿಸನ್ನು ಅದನ್ನು ಬರೆದ ಸುಭದ್ರಮ್ಮನವರ ಕೈಗಿಟ್ಟಳು. ಜೊತೆಗೆ ಪ್ರೊಫೆಸರರ ಲೇಖನವಿದ್ದ ಸಂಚಿಕೆಯನ್ನೂ.